ಬೇಲಿಯ ಕಾಡುಗುಲಾಬಿ ನಮ್ಮ ತೋಟಕ್ಕೆ ಬಂದ ಐದು ವರ್ಷ

ಇವತ್ತು ಬೆಳಿಗ್ಗೆ ಬೇಲಿ ಪಕ್ಕದ ಕಾಡುಗುಲಾಬಿಯ ಹೂ ಎಣಿಸಿದೆ. ಅರಳಿದ್ದು 41. ಮೊಗ್ಗು ಎಣಿಸುವ ಗೋಜಿಗೆ ಹೋಗಲಿಲ್ಲ. ಕಡ್ಡಿ ಊರಿ ಇದು ಐದನೇ ವರ್ಷ. ಇಷ್ಟು ಕಾಲ ಹಿಡಿಯಬೇಕಾಗಿರಲಿಲ್ಲ, ಎರಡು ವರ್ಷ ನನ್ನ ತಪ್ಪಿನಿಂದಲೇ ಹೋಯಿತು. ಎಲ್ಲಿ ತಪ್ಪಿದೆ, ಹೇಗೆ ಸರಿ ಮಾಡಿದೆ ಅಂತ ತೋಟದ ಡೈರಿ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಕಾಡುಗುಲಾಬಿ ಬೆಳೆಸಬೇಕು ಅಂತ ಆಸೆ ಇರುವವರಿಗೆ ಆ ಎರಡು ವರ್ಷ ಉಳಿಯಲಿ.

ನನ್ನ ಗಿಡದ ಜಾತಿ ಯಾವುದು ಅನ್ನುವುದು ಇಲ್ಲಿ ಮುಖ್ಯವಲ್ಲ. ಕಾಡಿನಲ್ಲಿ ತಾನಾಗಿ ಬೆಳೆಯುವ ಗುಲಾಬಿ ಜಾತಿಗಳು ನೂರಕ್ಕೂ ಹೆಚ್ಚಿವೆ, ಒಂದೊಂದು ಸೀಮೆಗೆ ಒಂದೊಂದು. ಯುರೋಪಿನ ಬೇಲಿಸಾಲಿನಲ್ಲಿ ರೋಸಾ ಕ್ಯಾನಿನಾ, ಹಿಮಾಲಯದಲ್ಲಿ ಮರ ಹತ್ತುವ ರೋಸಾ ಬ್ರುನೋನಿ, ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ರೋಸಾ ಲೆಶೆನಾಲ್ಟಿಯಾನಾ. ರೋಸಾ ಕ್ಲಿನೋಫಿಲ್ಲಾ ಅಂತ ಇನ್ನೊಂದಿದೆ, ಅದು ಹೊಳೆದಂಡೆಯಲ್ಲಿ, ಬುಡಕ್ಕೆ ನೀರು ನಿಲ್ಲುವ ಕಡೆಯೂ ಬದುಕುತ್ತದೆ. ಇವೆಲ್ಲ ಭೂಮಿಯ ಉತ್ತರಾರ್ಧದವು. ದಕ್ಷಿಣಾರ್ಧದಲ್ಲಿ ತಾನಾಗಿ ಹುಟ್ಟಿದ ಕಾಡುಗುಲಾಬಿ ಒಂದೂ ಇಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಜನ ಒಯ್ದ ರೋಸಾ ರುಬಿಜಿನೋಸಾ ಅಲ್ಲಿ ಹುಲ್ಲುಗಾವಲು ನುಂಗುವ ಕಳೆಯಾಗಿದೆ. ಹಾಗಾಗಿ ನಿಮ್ಮ ಸುತ್ತಲಿನ ಕಾಡಿನಲ್ಲಿ, ಹಳೇ ಬೇಲಿಯಲ್ಲಿ ಯಾವುದಿದೆ ಅಂತ ಮೊದಲು ನೋಡಿ. ನನ್ನದು ಚಳಿಗೆ ಎಲೆ ಉದುರಿಸುವ, ತಿಳಿಗುಲಾಬಿ ಬಣ್ಣದ, ಐದೆಸಳಿನ ಪೊದೆ.

ಮೊದಲು ಬಂದದ್ದು ಬೇರೆಯೇ ಗಿಡ

ಶುರುವಿನಲ್ಲಿ ಒಂದು ನರ್ಸರಿಯಿಂದ "ಕಾಡುಗುಲಾಬಿ" ಅಂತ ಚೀಟಿ ಇದ್ದ ಗಿಡ ತಂದಿದ್ದೆ. ನೆಟ್ಟ ವರ್ಷವೇ ಆಳೆತ್ತರ ಬೆಳೆಯಿತು. ಬಿಳಿ ಹೂ, ಗೊಂಚಲು ಗೊಂಚಲು, ಐದೇ ಎಸಳು. ಖುಷಿಯಾಗಿದ್ದೆ. ಒಂದು ದಿನ ಎಲೆ ಕೈಯಲ್ಲಿ ಹಿಡಿದು ತೊಟ್ಟಿನ ಬುಡ ನೋಡಿದಾಗ ಅನುಮಾನ ಬಂತು. ಗುಲಾಬಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಜಾಗದಲ್ಲಿ ಎರಡೂ ಕಡೆ ಪುಟ್ಟ ರೆಕ್ಕೆಯಂಥ ಪಟ್ಟಿ ಇರುತ್ತದೆ. ಹೆಚ್ಚಿನ ಜಾತಿಗಳಲ್ಲಿ ಅದರ ಅಂಚು ನುಣುಪು, ಇಲ್ಲವೇ ಸಣ್ಣ ಸಣ್ಣ ಹಲ್ಲು. ಇದರಲ್ಲಿ ಅಂಚು ಬಾಚಣಿಗೆಯ ಹಾಗೆ ಎಳೆಎಳೆಯಾಗಿ ಸೀಳಿತ್ತು. ಅದು ರೋಸಾ ಮಲ್ಟಿಫ್ಲೋರಾದ ಗುರುತು.

ಮಲ್ಟಿಫ್ಲೋರಾ ಜಪಾನ್, ಕೊರಿಯಾ, ಚೀನಾ ಕಡೆಯದು. ಅಲ್ಲಿ ಅದು ತನ್ನ ಮನೆಯಲ್ಲಿರುವ ಗಿಡ. ಬೇರು ಗಟ್ಟಿ ಅಂತ ಕಸಿ ಕಟ್ಟಲು ಜಗತ್ತಿನಾದ್ಯಂತ ಬಳಸುತ್ತಾರೆ. ಅಮೆರಿಕದಲ್ಲಿ 1930ರ ದಶಕದಿಂದ ಮಣ್ಣು ಕೊಚ್ಚಿಹೋಗದಿರಲಿ, ದನಕ್ಕೆ ಜೀವಂತ ಬೇಲಿಯಾಗಲಿ ಅಂತ ಸರ್ಕಾರವೇ ಇದನ್ನು ಹಂಚಿತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ಕೊನೆಗೆ ಹಲವು ರಾಜ್ಯಗಳು ಅದನ್ನು ಕಳೆ ಅಂತ ಘೋಷಿಸಬೇಕಾಯಿತು. ನಾನು ಕಿತ್ತೆ. ಬೇರಿನ ತುಂಡು ಉಳಿಯದ ಹಾಗೆ ಹಾರೆ ಹಾಕಿ ಎಬ್ಬಿಸಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕಸಿ ಗುಲಾಬಿಯ ಮೇಲ್ಭಾಗ ಸತ್ತು, ಬುಡದಿಂದ ಹೊಸ ಚಿಗುರು ಎದ್ದು ಐದೆಸಳಿನ ಹೂ ಬಿಟ್ಟರೆ "ಕಾಡುಗುಲಾಬಿ ಬಂತು" ಅಂದುಕೊಳ್ಳುವವರು ತುಂಬ ಜನ. ಅದು ಕಸಿಯ ಕೆಳಗಿದ್ದ ಬೇರುಗಿಡ, ಅಷ್ಟೇ. ಎಸಳು ಎಣಿಸಿದರೆ ಸಾಲದು. ಎಸಳು ಐದೇ ಇರಬೇಕು ಅಂತಲೂ ಇಲ್ಲ, ಹಿಮಾಲಯದ ರೋಸಾ ಸೆರಿಸಿಯಾಕ್ಕೆ ಸಾಮಾನ್ಯವಾಗಿ ನಾಲ್ಕೇ ಎಸಳು.

ಅಜ್ಜಿಯ ಬೇಲಿಯಿಂದ ಕಡ್ಡಿ

ಪಕ್ಕದ ತೋಟದ ಹಳೇ ಬೇಲಿಯಲ್ಲಿ ನಮ್ಮ ಸೀಮೆಯದೇ ಕಾಡುಗುಲಾಬಿ ಮೂರು ನಾಲ್ಕು ಪೊದೆ ಇತ್ತು. ತೋಟದ ಅಜ್ಜಿಯನ್ನು ಕೇಳಿದೆ.

"ಅಜ್ಜಿ, ಎರಡು ಕಡ್ಡಿ ಕತ್ತರಿಸ್ಕೊಳ್ಲಾ?"

"ಎರಡು ಯಾಕೆ ಮಗಾ, ಹತ್ತು ತಗೋ. ಆದ್ರೆ ಒಂದು ನೆನಪಿಟ್ಕೋ, ಇದಕ್ಕೆ ಕತ್ತರಿ ಹಾಕೋದು ಹೂ ಬಿಟ್ಟು ಮುಗಿದ ಮೇಲೆ. ಅದಕ್ಕೆ ಮುಂಚೆ ಅಲ್ಲ."

ಆ ಕೊನೆಯ ಮಾತು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಅದರ ಕಥೆ ಮುಂದೆ ಬರುತ್ತದೆ.

ಮೊದಲ ಸಲ ಹೂ ಬಿಡುವ ಕಾಲದಲ್ಲೇ ಎಂಟು ಎಳೆ ಕಡ್ಡಿ ತಂದು ಊರಿದ್ದೆ. ಹತ್ತು ದಿನದಲ್ಲಿ ಬುಡ ಕಪ್ಪಾಗಿ ಎಂಟೂ ಹೋದವು. ಎಳೆ ಕಡ್ಡಿಗೆ ತೇವದ ಗಾಳಿ, ಮುಚ್ಚಿಗೆ ಎಲ್ಲ ಬೇಕು. ಸುಮ್ನೆ ಮಣ್ಣಿಗೆ ಚುಚ್ಚಿದರೆ ಬೇರು ಬರುವ ಮೊದಲೇ ಕೊಳೆಯುತ್ತದೆ.

ಎರಡನೇ ಸಲ ಎಲೆ ಉದುರಿದ ಮೇಲೆ ಹೋದೆ. ಆ ವರ್ಷವೇ ಬೆಳೆದು ಬಲಿತ, ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿದೆ. ಒಂದೊಂದು ಸುಮಾರು 20 ಸೆಂಟಿಮೀಟರ್, ಹೆಚ್ಚೂಕಡಿಮೆ ಒಂದು ಗೇಣು. ಬುಡದ ಕಡೆ ಗಿಣ್ಣಿನ ಕೆಳಗೆ ನೇರ ಕಡಿತ, ತುದಿಯಲ್ಲಿ ಕಣ್ಣಿನ ಮೇಲೆ ಓರೆ ಕಡಿತ. ಹೀಗೆ ಮಾಡಿದರೆ ಊರುವಾಗ ತಲೆಕೆಳಗಾಗುವುದಿಲ್ಲ. ಮಣ್ಣೊಳಗೆ ಹೋಗುವ ಭಾಗದ ಮುಳ್ಳು ತೆಗೆದೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಟಕ್ ಅಂತ ಕಳಚುತ್ತದೆ, ಅಲ್ಲಿ ಅಂಡಾಕಾರದ ಸಣ್ಣ ಕಲೆ ಉಳಿಯುತ್ತದೆ. ನಿಂಬೆಯ ಮುಳ್ಳು ಹೀಗೆ ಬರುವುದಿಲ್ಲ, ಅದು ರೆಂಬೆಯೇ ಮುಳ್ಳಾಗಿ ಬೆಳೆದದ್ದು. ಗುಲಾಬಿಯದ್ದು ಬರೀ ಸಿಪ್ಪೆಯಿಂದ ಎದ್ದ ಮುಳ್ಳು. ತೆಗೆದರೆ ಕಡ್ಡಿಗೆ ಅಷ್ಟೇನೂ ಗಾಯವಾಗುವುದಿಲ್ಲ.

ಅರ್ಧ ಮರಳು, ಅರ್ಧ ತೋಟದ ಮಣ್ಣು. ಗೊಬ್ಬರ ಇಲ್ಲ. ಕಡ್ಡಿಯ ಮೂರರಲ್ಲಿ ಎರಡು ಭಾಗ ಮಣ್ಣಿನೊಳಗೆ, ಮೇಲೆ ಎರಡು ಕಣ್ಣು. ಒಟ್ಟು 12 ಕಡ್ಡಿ ಊರಿ ನೆರಳಿನಲ್ಲಿಟ್ಟೆ. ಮಣ್ಣು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಜಿನುಗಬಾರದು, ಅಷ್ಟು ಹದ.

ಚಳಿ ಬಿಟ್ಟ ಕೂಡಲೇ 9 ಕಡ್ಡಿ ಚಿಗುರಿತು. ಇಲ್ಲಿ ಮೋಸ ಹೋಗಬೇಡಿ. ಮೊದಲ ಚಿಗುರು ಕಡ್ಡಿಯಲ್ಲಿ ಉಳಿದಿದ್ದ ಅನ್ನದಿಂದ ಬರುತ್ತದೆ, ಬೇರಿನಿಂದ ಅಲ್ಲ. ಅದರಲ್ಲಿ 4 ಬಿಸಿಲು ಏರಿದ ಮೇಲೆ ಒಣಗಿದವು. ಕಿತ್ತು ನೋಡಿದರೆ ಬುಡದಲ್ಲಿ ಬಿಳಿ ಗಂಟು ಮಾತ್ರ ಕಟ್ಟಿತ್ತು, ಬೇರು ಒಡೆದಿರಲಿಲ್ಲ. ಉಳಿದ 5ರಲ್ಲಿ ಕುಂಡದ ತೂತಿನಿಂದ ಬಿಳಿ ಬೇರು ಇಣುಕಿದಾಗಲೇ ಧೈರ್ಯ ಬಂತು. ಅಲ್ಲಿವರೆಗೂ ಎಳೆದು ನೋಡುವ ಆಸೆ ತಡೆದುಕೊಳ್ಳಬೇಕು. ನೂಲಿನಂಥ ಬೇರು ಒಮ್ಮೆ ಮುರಿದರೆ ಮತ್ತೆ ಒಡೆಯುವಷ್ಟು ಶಕ್ತಿ ಕಡ್ಡಿಯಲ್ಲಿ ಇರುವುದಿಲ್ಲ.

ಹಳೇ ಗುಲಾಬಿಯ ಗುಂಡಿ

ಮುಂದಿನ ಚಳಿಗಾಲ ಗಿಡ ನಿದ್ದೆಯಲ್ಲಿದ್ದಾಗ ನೆಲಕ್ಕಿಳಿಸಿದೆ. ಇದು ಮೊದಲ ದೊಡ್ಡ ತಪ್ಪು. ತೋಟದ ಮೂಲೆಯಲ್ಲಿ ಹತ್ತು ವರ್ಷ ಬಾಳಿದ ಗುಲಾಬಿ ಗಿಡವೊಂದು ಸತ್ತಿತ್ತು, ಗುಂಡಿ ತಯಾರಾಗಿಯೇ ಇತ್ತು. ಎರಡು ಗಿಡ ಅಲ್ಲಿ ನೆಟ್ಟೆ. ಒಂದನ್ನು ಬೇಲಿ ಪಕ್ಕ ನೆಟ್ಟೆ. ಇನ್ನೆರಡು ಕುಂಡದಲ್ಲೇ ಇದ್ದವು.

ವರ್ಷ ತುಂಬುವಾಗ ಬೇಲಿ ಪಕ್ಕದ್ದು ನಾಲ್ಕಡಿ. ಮೂಲೆಯ ಎರಡೂ ಒಂದೂವರೆ ಅಡಿ ದಾಟಲಿಲ್ಲ. ಬಿಸಿಲು ಒಂದೇ, ನೀರು ಒಂದೇ, ತಾಯಿಗಿಡವೂ ಒಂದೇ. ಎಲೆ ಸಣ್ಣದು, ಹಳದಿ ಛಾಯೆ. ನೀರು ಕಮ್ಮಿಯಾಯಿತಾ ಅಂತ ಜಾಸ್ತಿ ಹಾಕಿದೆ, ಏನೂ ಬದಲಾಗಲಿಲ್ಲ. ಕೊನೆಗೆ ಒಂದನ್ನು ಅಗೆದು ನೋಡಿದೆ. ಬೇರು ಕಂದು ಬಣ್ಣ, ಹೊಸ ಬಿಳಿ ಬೇರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಗುಲಾಬಿ ಇದ್ದ ಜಾಗಕ್ಕೆ ಮತ್ತೆ ಗುಲಾಬಿ ನೆಟ್ಟರೆ ಹೀಗಾಗುತ್ತದೆ. ವರ್ಷಗಟ್ಟಲೆ ಒಂದೇ ಬೇರಿನ ಸುತ್ತ ಕೆಲವು ಶಿಲೀಂಧ್ರ, ಕಣ್ಣಿಗೆ ಕಾಣದ ಜಂತುಹುಳ ಹೆಚ್ಚಾಗಿರುತ್ತವೆ. ದೊಡ್ಡ ಗಿಡ ಅದನ್ನು ತಾಳಿಕೊಂಡು ಬದುಕುತ್ತದೆ. ಹೊಸ ಗಿಡದ ಎಳೆ ಬೇರಿಗೆ ಆಗುವುದಿಲ್ಲ. ಸೇಬು, ಚೆರಿ ತೋಟಗಳಲ್ಲೂ ಇದೇ ಕಾಟ, ಅವೂ ಗುಲಾಬಿಯ ಕುಟುಂಬದವೇ ಅಲ್ವಾ.

ಸರಿಪಡಿಸಲು ಎರಡು ದಾರಿ. ಆ ಜಾಗದ ಮಣ್ಣನ್ನು ಒಂದೂವರೆ ಅಡಿ ಆಳ, ಅಷ್ಟೇ ಅಗಲ ತೆಗೆದು ಬೇರೆ ಮಣ್ಣು ತುಂಬುವುದು. ಇಲ್ಲವೇ ಗಿಡವನ್ನೇ ಎಬ್ಬಿಸಿ ಬೇರೆ ಕಡೆ ನೆಡುವುದು. ನಾನು ಎರಡನೆಯದನ್ನು ಆರಿಸಿದೆ. ಮತ್ತೆ ಎಲೆ ಉದುರುವವರೆಗೆ ಕಾದು, ಅಗೆದು, ಬೇರಿಗೆ ಅಂಟಿದ್ದ ಹಳೇ ಮಣ್ಣನ್ನು ಬಕೆಟ್ ನೀರಿನಲ್ಲಿ ಅಲ್ಲಾಡಿಸಿ ತೊಳೆದೆ. ಕಂದಾದ ಬೇರು ಕತ್ತರಿಸಿದೆ. ಬೇಲಿ ಪಕ್ಕದಲ್ಲಿ ಆರಾರು ಅಡಿ ಬಿಟ್ಟು ಹೊಸ ಗುಂಡಿ. ಅದೇ ಜಾಗದ ಮಣ್ಣು, ಎರಡು ಬೊಗಸೆ ಎಲೆಗೊಬ್ಬರ, ಬೇರೇನಿಲ್ಲ. ಮೂರು ಇಂಚು ಒಣ ಎಲೆಯ ಹೊದಿಕೆ, ಕಾಂಡಕ್ಕೆ ತಾಗದ ಹಾಗೆ ನಾಲ್ಕು ಬೆರಳು ಬಿಟ್ಟು. ಹಳೇ ಮೂಲೆಯಲ್ಲಿ ಈಗ ಚೆಂಡುಹೂ ಬೆಳೆದಿದೆ, ಅದಕ್ಕೆ ಅಲ್ಲಿ ಯಾವ ತೊಂದರೆಯೂ ಇಲ್ಲ.

ಗೊಬ್ಬರದ ಬಗ್ಗೆ ಒಂದು ಮಾತು. ಕುಂಡದ ಗುಲಾಬಿಗೆ ಹಾಕುವ ಅಭ್ಯಾಸದಲ್ಲಿ ಕೈ ಅದರ ಕಡೆ ಹೋಗುತ್ತದೆ. ಹಾಕಬೇಡಿ. ಕುಂಡದಲ್ಲಿದ್ದ ಎರಡರಲ್ಲಿ ಒಂದಕ್ಕೆ ಸಾರಜನಕ ಹೆಚ್ಚಿದ್ದ ಗೊಬ್ಬರ ಹಾಕಿದ್ದೆ. ಮೆತ್ತನೆಯ ಉದ್ದ ಕುಡಿ ಬಂತು, ವಾರದಲ್ಲಿ ಕುಡಿಯ ತುಂಬ ಹಸಿರು ಗಿಡಹೇನು. ಪಕ್ಕದ ಕುಂಡದಲ್ಲಿ ಬೆರಳೆಣಿಕೆಯಷ್ಟೇ ಇದ್ದವು.

ಕತ್ತರಿ ಹಾಕಿದ್ದು, ಹೂ ಕಳೆದುಕೊಂಡದ್ದು

ಮೂರನೇ ವರ್ಷ ಗಿಡ ಚೆನ್ನಾಗಿ ಎದ್ದಿತು. ಆಳುದ್ದದ ಕೋಲು ಬಿಲ್ಲಿನ ಹಾಗೆ ಬಾಗಿ ನೆಲ ಮುಟ್ಟುತ್ತಿತ್ತು. ಹೂ ಮಾತ್ರ ಇಲ್ಲ. ಎಳೆ ಗಿಡ, ಇರಲಿ ಅಂದುಕೊಂಡೆ. ಚಳಿಗಾಲ ಮುಗಿಯುವ ಹೊತ್ತಿಗೆ ಪೊದೆ ಅಂದವಾಗಿರಲಿ ಅಂತ ಎಲ್ಲ ಕೋಲನ್ನೂ ಮಂಡಿಯೆತ್ತರಕ್ಕೆ ಕತ್ತರಿಸಿದೆ. ತೋಟದ ಗುಲಾಬಿಗೆ ಹೀಗೇ ಮಾಡುತ್ತೇವಲ್ಲ.

ನಾಲ್ಕನೇ ವರ್ಷ ಮತ್ತೆ ಉದ್ದುದ್ದ ಕೋಲು, ಹೂ ಇಲ್ಲ. ಬೇಸರದಿಂದ ಬೇಲಿಯ ಆಚೆ ಬದಿಗೆ ಕಳೆ ಕೀಳಲು ಹೋದಾಗ ಕಾಲ ಬಳಿ ಗುಲಾಬಿ ಬಣ್ಣ ಕಂಡಿತು. ಒಂದು ಕೋಲು ಬೇಲಿಯ ಸಂದಿನಲ್ಲಿ ತೂರಿ ಆಚೆ ಹೋಗಿತ್ತು, ನನ್ನ ಕತ್ತರಿಗೆ ಸಿಕ್ಕಿರಲಿಲ್ಲ. ಅದರಲ್ಲಿ ಏಳು ಹೂ. ಕೈಯಿಂದ ಹಿಡಿದು ಬುಡದವರೆಗೆ ಹೋದೆ. ಹಿಂದಿನ ವರ್ಷದ ಕೋಲು, ಸಿಪ್ಪೆ ಕಂದಾಗಿತ್ತು. ಅದರ ಒಂದೊಂದು ಗಿಣ್ಣಿನಿಂದ ಈ ವರ್ಷದ ಗೇಣುದ್ದದ ಹಸಿರು ಕವಲು, ಆ ಕವಲಿನ ತುದಿಯಲ್ಲಿ ಹೂ. ಬುಡದಿಂದ ಹೊಸದಾಗಿ ಎದ್ದ ಯಾವ ಕೋಲಿನಲ್ಲೂ ಒಂದು ಮೊಗ್ಗೂ ಇಲ್ಲ.

ವಿಷಯ ಅಷ್ಟೇ. ವರ್ಷವಿಡೀ ಹೂ ಬಿಡುವ ತೋಟದ ಗುಲಾಬಿ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ, ಕತ್ತರಿಸಿದಷ್ಟೂ ಚಿಗುರು, ಚಿಗುರಿದಷ್ಟೂ ಹೂ. ಹೆಚ್ಚಿನ ಕಾಡುಗುಲಾಬಿ ವರ್ಷಕ್ಕೊಮ್ಮೆ, ಹಿಂದಿನ ವರ್ಷದ ಕೋಲಿನ ಕವಲಿನಲ್ಲಿ ಹೂ ಬಿಡುತ್ತದೆ. ಚಳಿಗಾಲದಲ್ಲಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದ ಹಾಗೆ. ಅಜ್ಜಿ ಮೊದಲ ದಿನವೇ ಹೇಳಿದ್ದು ಇದನ್ನೇ.

ಈಗ ಮಾಡುವುದು ಹೀಗೆ. ಹೂ ಮುಗಿದ ಮೇಲೆ ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ತೀರಾ ಹಳೆಯದಾಗಿ ಸಿಪ್ಪೆ ಒರಟಾದ ಕೋಲು, ಇವನ್ನು ಮಾತ್ರ ನೆಲಮಟ್ಟಕ್ಕೆ ತೆಗೆಯುತ್ತೇನೆ. ಒಂದು ವರ್ಷಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಲ್ಲ. ಹೂ ಬಿಟ್ಟ ಕವಲು ಮುಟ್ಟುವುದಿಲ್ಲ, ಕಾಯಿ ಬೇಕಲ್ಲ. ಮೊಣಕೈವರೆಗಿನ ದಪ್ಪ ಚರ್ಮದ ಕೈಗವಸು ಇಲ್ಲದೆ ಕೈ ಹಾಕಬೇಡಿ. ಮುಳ್ಳು ಹಿಂದಕ್ಕೆ ಬಾಗಿದ ಕೊಕ್ಕೆ, ಕೈ ಒಳಗೆ ಹೋಗುವಾಗ ಬಿಡುತ್ತದೆ, ತೆಗೆಯುವಾಗ ಹಿಡಿಯುತ್ತದೆ.

ಬೇರುಚಿಗುರು

ನಾಲ್ಕನೇ ವರ್ಷವೇ ಪೊದೆಯಿಂದ ನಾಲ್ಕಡಿ ದೂರದಲ್ಲಿ, ತರಕಾರಿ ಪಾತಿಯ ನಡುವೆ, ಗುಲಾಬಿ ಚಿಗುರು ಎದ್ದವು. ಮೇಲಿಂದ ಕತ್ತರಿಸಿದೆ, ಒಂದಿದ್ದದ್ದು ಮೂರಾಯಿತು. ನೆಲದೊಳಗಿನ ಕಾಂಡದ ತನಕ ಅಗೆದು, ಕೈಯಿಂದ ಕಿತ್ತರೆ ಮಾತ್ರ ನಿಲ್ಲುತ್ತದೆ. ಪಾತಿ ಕಡೆಗೆ 45 ಸೆಂಟಿಮೀಟರ್ ಆಳದ ಕಿರಿದಾದ ಕಾಲುವೆ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದೆ. ಎರಡು ಬೆರಳಿನಷ್ಟು ನೆಲದ ಮೇಲೆ ಕಾಣಬೇಕು, ಇಲ್ಲದಿದ್ದರೆ ಹೊದಿಕೆಯೊಳಗೇ ದಾಟಿಬಿಡುತ್ತದೆ. ಬೇಲಿ ಕಡೆಗೆ ಏನೂ ಹಾಕಲಿಲ್ಲ, ಅಲ್ಲಿ ಹರಡಲಿ. ಪೊದೆ ಗಟ್ಟಿಯಾದಷ್ಟೂ ಹಕ್ಕಿ ಗೂಡು ಕಟ್ಟುತ್ತದೆ. ಕಿತ್ತ ಚಿಗುರಿನಲ್ಲಿ ಬೇರು ಇದ್ದವನ್ನು ಕುಂಡಕ್ಕೆ ಹಾಕಿ ಕೇಳಿದವರಿಗೆ ಕೊಟ್ಟೆ. ಕಸಿ ಕಟ್ಟದ ಗಿಡ ಆದ್ದರಿಂದ ಬೇರುಚಿಗುರೂ ಅದೇ ಗಿಡ, ಕಡ್ಡಿ ಊರುವುದಕ್ಕಿಂತ ಇದು ಸುಲಭ.

ಎಲೆಯ ಅಂಚಿನಲ್ಲಿ ನಾಣ್ಯದಷ್ಟು ದುಂಡಗೆ, ಕತ್ತರಿಯಿಂದ ಕತ್ತರಿಸಿದ ಹಾಗೆ ತೂತು ಕಂಡರೆ ಔಷಧಿ ಹುಡುಕಬೇಡಿ. ಅದು ಎಲೆಕತ್ತರಿ ಜೇನಿನ ಕೆಲಸ. ಒಂದು ಮಧ್ಯಾಹ್ನ ಕುಳಿತು ನೋಡಿದೆ. ಎಲೆಯ ಅಂಚನ್ನು ಕಾಲಿನಿಂದ ತಬ್ಬಿಕೊಂಡು, ದವಡೆಯಿಂದ ಕಮಾನಿನ ಹಾಗೆ ಕತ್ತರಿಸುತ್ತಾ ಬರುತ್ತದೆ. ಕೊನೆಯ ಎಳೆ ತುಂಡಾಗುವ ಹೊತ್ತಿಗೆ ರೆಕ್ಕೆ ಬಡಿಯಲು ಶುರು ಮಾಡಿರುತ್ತದೆ, ಹಾಗಾಗಿ ಬೀಳುವುದಿಲ್ಲ, ಚೂರಿನ ಸಮೇತ ಹಾರಿಹೋಗುತ್ತದೆ. ಅದು ಎಲೆ ತಿನ್ನುವುದಿಲ್ಲ, ಮರಿಯ ಕೋಣೆಗೆ ಸುತ್ತುಗೋಡೆ ಮಾಡುತ್ತದೆ. ಪೊದೆಗೆ ಇದರಿಂದ ಏನೂ ನಷ್ಟವಿಲ್ಲ. ಗಿಡಹೇನಿಗೂ ನಾನು ಏನೂ ಸಿಂಪಡಿಸಲಿಲ್ಲ. ಗುಲಗಂಜಿ ಹುಳು ಬಂದು ಎರಡು ವಾರದಲ್ಲಿ ಮುಗಿಸಿತು.

ಈ ವರ್ಷದ ಹೂ, ಕಾಯಿಯ ಚಿಂತೆ

ಮೊಗ್ಗು ಬಿರಿಯುವ ಮುಂಚೆ ಅದನ್ನು ಮುಚ್ಚಿಕೊಂಡಿರುವ ಹಸಿರು ಪುಷ್ಪಪತ್ರ ಐದನ್ನೂ ನೋಡಿ. ನನ್ನ ಗಿಡದಲ್ಲಿ ಎರಡಕ್ಕೆ ಎರಡೂ ಅಂಚಿನಲ್ಲಿ ಗಡ್ಡದಂಥ ಎಳೆ, ಎರಡಕ್ಕೆ ಅಂಚು ಬೋಳು, ಐದನೆಯದಕ್ಕೆ ಒಂದೇ ಕಡೆ ಗಡ್ಡ. ಮೊಗ್ಗಿನಲ್ಲಿ ಒಂದರ ಮೇಲೊಂದು ಮಡಿಚಿಕೊಂಡಿರುವಾಗ ಹೊರಗೆ ಕಾಣುವ ಅಂಚಿಗೆ ಮಾತ್ರ ಎಳೆ ಬೆಳೆದಿದೆ, ಒಳಗೆ ಸಿಕ್ಕ ಅಂಚಿಗೆ ಇಲ್ಲ. ಇದನ್ನು ಬೆರಳಿನಲ್ಲಿ ಬಿಡಿಸಿ ನೋಡಿದ ದಿನ ಬೇರೆ ಕೆಲಸ ಮಾಡಲಾಗಲಿಲ್ಲ, ಒಂದೊಂದೇ ಮೊಗ್ಗು ನೋಡುತ್ತಾ ನಿಂತೆ. ಎಲ್ಲದರಲ್ಲೂ ಹಾಗೆಯೇ.

ಹೂವಿನ ಬಾಳು ಎರಡು ಮೂರು ದಿನ. ಜೇನಿಗೆ ಇಲ್ಲಿ ಸಿಗುವುದು ಹೆಚ್ಚಾಗಿ ಪರಾಗ, ಮಕರಂದ ಇಲ್ಲವೆನ್ನುವಷ್ಟು ಕಮ್ಮಿ. ಬೆಳಿಗ್ಗೆ ಬಂದರೆ ಹಳದಿ ಕೇಸರದ ಮೇಲೆ ಉರುಳಾಡುವುದು ಕಾಣುತ್ತದೆ.

ಕಾಯಿಯದ್ದು ಬೇರೆ ಸಮಸ್ಯೆ. ಬಹಳಷ್ಟು ಕಾಡುಗುಲಾಬಿ ಜಾತಿಗಳು ತಮ್ಮದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ನನ್ನ ಐದೂ ಗಿಡ ಒಂದೇ ಪೊದೆಯ ಕಡ್ಡಿ, ಅಂದರೆ ಐದು ಸೇರಿ ಒಂದೇ ಗಿಡ. ಹೋದ ವರ್ಷದ ಆ ಏಳು ಹೂವೂ ಕಾಯಾಗದೆ ಉದುರಿದವು. ಇದು ಹೀಗಾಗಬಹುದು ಅಂತ ಅನುಮಾನವಿದ್ದದ್ದರಿಂದ ಮೂರನೇ ವರ್ಷವೇ ಅಜ್ಜಿಯ ಬೇಲಿಯ ಬೇರೆ ಪೊದೆಯಿಂದ ಎಂಟು ಕೆಂಪು ಕಾಯಿ ತಂದಿದ್ದೆ.

ಕಾಯಿ ಬಿಡಿಸುವಾಗ ಎಚ್ಚರ. ನಾವು ಕಾಯಿ ಅನ್ನುವುದು ಹೂವಿನ ಬುಡದ ಬಟ್ಟಲು ಉಬ್ಬಿದ್ದು. ಒಳಗಿನ ಒಂದೊಂದು ಗಟ್ಟಿ ಕಾಳೇ ನಿಜವಾದ ಕಾಯಿ. ಅದರ ಸುತ್ತ ಸಣ್ಣ ರೋಮ ಇರುತ್ತದೆ, ಚರ್ಮಕ್ಕೆ ತಾಗಿದರೆ ನವೆ ಬರುತ್ತದೆ. ನೀರಿನೊಳಗೇ ಬಿಡಿಸಿದೆ. 130 ಕಾಳು ಸಿಕ್ಕವು, ತೇಲಿದ 40 ಬಿಸಾಡಿದೆ. ಉಳಿದ 90ನ್ನು ಒದ್ದೆ ಮರಳಿನಲ್ಲಿ ಬೆರೆಸಿ, ಡಬ್ಬಿಯಲ್ಲಿ ಹಾಕಿ ಎರಡು ತಿಂಗಳು ಮನೆಯೊಳಗಿನ ಬೆಚ್ಚಗಿನ ಕಪಾಟಿನಲ್ಲಿ, ಆಮೇಲೆ ಮೂರೂವರೆ ತಿಂಗಳು ಫ್ರಿಜ್ಜಿನಲ್ಲಿ ಇಟ್ಟೆ. ಬೆಚ್ಚಗಿನ ತೇವ ಚಿಪ್ಪನ್ನು ಮೆತ್ತಗೆ ಮಾಡುತ್ತದೆ, ಚಳಿ ಒಳಗಿನ ಮೊಳಕೆಯನ್ನು ಎಚ್ಚರಿಸುತ್ತದೆ. ಅಗಲದ ಕುಂಡಕ್ಕೆ ಹಾಕಿ ಇಲಿ ಅಗೆಯದಂತೆ ಜಾಲರಿ ಮುಚ್ಚಿದೆ. ಆ ವರ್ಷ ಒಂದೂ ಮೊಳೆಯಲಿಲ್ಲ. ಗುಲಾಬಿ ಬೀಜ ಎರಡನೇ ವರ್ಷಕ್ಕೆ ಮೊಳೆಯುವುದು ಸಾಮಾನ್ಯ ಅಂತ ಗೊತ್ತಿದ್ದರಿಂದ ಕುಂಡ ಎಸೆಯದೆ, ಬೇಲಿಯ ನೆರಳಿನಲ್ಲಿಟ್ಟು, ಮಣ್ಣು ಒಣಗದಂತೆ ನೋಡಿಕೊಂಡೆ. ಹೊರಗಿನ ಚಳಿಗಾಲ ಒಂದು ಪೂರ್ತಿ ಅದರ ಮೇಲೆ ಹಾದುಹೋಯಿತು.

ಈ ವರ್ಷ ಚಳಿ ಬಿಡುವಾಗ 11 ಮೊಳೆತವು. ಎರಡು ದುಂಡನೆ ಬೀಜದಳ, ನಡುವೆ ಹಲ್ಲುಹಲ್ಲಾದ ಉಗುರಿನಷ್ಟು ಎಲೆ. ನೀರು ಸ್ವಲ್ಪ ಜಾಸ್ತಿಯಾಗಿ 3 ಬುಡ ಕೊಳೆತು ಬಿದ್ದವು. ಉಳಿದ 8 ಈಗ ಬೇರೆ ಬೇರೆ ಕುಂಡದಲ್ಲಿವೆ, ಒಂದೊಂದರಲ್ಲಿ ನಾಲ್ಕೈದು ಎಲೆ. ಅಜ್ಜಿಯ ತೋಟದಲ್ಲಿ ಬೇರೆ ಗುಲಾಬಿಯೂ ಇರುವುದರಿಂದ ಇವುಗಳಲ್ಲಿ ಒಂದೆರಡು ಬೆರಕೆಯಾಗಿರಬಹುದು. ಎಲೆ ಬಲಿತ ಮೇಲೆ ತೊಟ್ಟಿನ ರೆಕ್ಕೆ, ಮುಳ್ಳಿನ ಬಾಗು ತಾಯಿಗಿಡದ ಜೊತೆ ಹೋಲಿಸಿ, ಸರಿಯಾದವನ್ನು ಮಾತ್ರ ನೆಡುತ್ತೇನೆ. ಎರಡು ಸಾಕು, ಬೇಲಿಯ ಉದ್ದಕ್ಕೆ ಆರಡಿಗೊಂದು. ಜಾಗ ಅಳೆದಾಗಿದೆ, ನಾಳೆ ಗೂಟ ಹೊಡೆಯುತ್ತೇನೆ.